ಆಮೆಮರಿಗಳ ಚಳಿಗಾಲದ ಬಿಡಾರ

ಬಾಗಿಲ ಮೇಲೆ ಮೂರು ಚೀಟಿ ಅಂಟಿಸಿದ್ದಾರೆ. ಒಳಗೆ ಬಂದ ಕೂಡಲೇ ಬಾಗಿಲು ಹಾಕಿ. ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ. ದೀಪದ ಸ್ವಿಚ್ಚುಗಳ ಗೊಡವೆಗೆ ಹೋಗಬೇಡಿ. ಮೂರನೆಯದರ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ಹಿಂದೆ ಯಾರೋ ಗೊಡವೆಗೆ ಹೋಗಿದ್ದಿರಬೇಕು.

ಹೊರಗೆ ಜನವರಿಯ ಶನಿವಾರ ಬೆಳಿಗ್ಗೆ, ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ಕೃಷಿ ಪ್ರೌಢಶಾಲೆ ಇದು. ಹಸು, ಕುದುರೆ, ಕೋಳಿ, ಗಾಜಿನ ಮನೆಯ ಸಸಿ ಎಲ್ಲವನ್ನೂ ಮಕ್ಕಳೇ ನೋಡಿಕೊಳ್ಳುತ್ತಾರೆ. ಚಳಿಗಾಲ ಬಂತೆಂದರೆ ಅದರ ಜೊತೆಗೆ ಈ ಕೋಣೆ. ಅಣ್ಣನ ಮಗಳು ಇಲ್ಲಿ ಹತ್ತನೇ ತರಗತಿಯಲ್ಲಿದ್ದಾಳೆ. ಈ ಶನಿವಾರದ ಪಾಳಿ ಅವಳದು. "ನೀನೂ ಬಾ ಚಿಕ್ಕಪ್ಪ, ಮನೇಲಿ ಕೂತು ಏನ್ಮಾಡ್ತೀಯ" ಎಂದು ಎಳೆದುಕೊಂಡು ಬಂದಿದ್ದಾಳೆ. ಟೀಚರ್ ಆಗಲೇ ಒಳಗಿದ್ದಾರೆ.

ಕಾಲಿಟ್ಟರೆ ಮಂಗಳೂರಿನ ಮೇ ತಿಂಗಳು. ಕನ್ನಡಕಕ್ಕೆ ಹಬೆ ಕಟ್ಟಿತು. ಒರೆಸಿ ಹಾಕಿಕೊಂಡರೆ ಮತ್ತೆ ಕಟ್ಟಿತು. ಪಂಪುಗಳ ಗುಯ್‌ಗುಟ್ಟುವ ಸದ್ದು, ನೀರು ಬೀಳುವ ಸದ್ದು, ಮೂಗಿಗೆ ಹಸಿ ಸೊಪ್ಪು ಮತ್ತು ಪಾಚಿಯ ವಾಸನೆ. ಉದ್ದಕ್ಕೆ ಎರಡು ಸಾಲು ಕಬ್ಬಿಣದ ಸ್ಟ್ಯಾಂಡ್. ಒಂದು ಸಾಲಿನಲ್ಲಿ ಗಾರೆ ಕಲಸುವ ಕಪ್ಪು ಪ್ಲಾಸ್ಟಿಕ್ ಟಬ್ಬುಗಳು, ಇನ್ನೊಂದರಲ್ಲಿ ಗಾಜಿನ ತೊಟ್ಟಿಗಳು. ಪ್ರತಿಯೊಂದರ ಮೇಲೂ ಎರಡು ಬಗೆಯ ದೀಪ, ಪ್ರತಿಯೊಂದಕ್ಕೂ ತನ್ನದೇ ಜಾಲರಿ, ತನ್ನದೇ ಸ್ಪಂಜು, ಅದರ ಮೇಲೆ ಬಣ್ಣದ ಟೇಪು. ಹಳದಿ ಟೇಪಿನ ಜಾಲರಿಯನ್ನು ನೀಲಿ ಟೇಪಿನ ತೊಟ್ಟಿಗೆ ಅದ್ದುವಂತಿಲ್ಲ. ಒಂದು ತೊಟ್ಟಿಯಲ್ಲಿ ಸೋಂಕು ಬಂದರೆ ಅಲ್ಲಿಗೇ ನಿಲ್ಲಲಿ ಎಂಬುದಕ್ಕೆ ಈ ಮಡಿ.

ಮೊದಲ ಟಬ್ಬಿಗೆ ಬಗ್ಗಿ ನೋಡಿದೆ. ಅಂಗೈ ಆಳದ ನೀರು, ಅದರಲ್ಲಿ ಪ್ಲಾಸ್ಟಿಕ್ ಬಳ್ಳಿ, ಒಂದು ಬದಿಗೆ ತೊಗಟೆಯ ಚೂರಿನ ದಿಬ್ಬ. ಮರಿಗಳು ಎಲ್ಲಿ ಎಂದು ಕೇಳಬೇಕೆನ್ನುವಾಗ ಬಳ್ಳಿಯ ಕೆಳಗೆ ಒಂದು ಕುತ್ತಿಗೆ ಉದ್ದವಾಯಿತು. ಬೂದುಗಪ್ಪು ಚಿಪ್ಪು, ಉದ್ದ ಬಾಲ, ಗಂಟಲಿನ ಕೆಳಗೆ ಅರಿಶಿನದ ಬಣ್ಣ. ಬ್ಲಾಂಡಿಂಗ್ ಆಮೆ. ಫಿಲಡೆಲ್ಫಿಯಾದಲ್ಲಿದ್ದ ವೈದ್ಯ, ನಿಸರ್ಗಪ್ರಿಯ ವಿಲಿಯಂ ಬ್ಲಾಂಡಿಂಗ್ ಅವರ ಹೆಸರಿನಲ್ಲಿ 1838ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮ್ಯಾಸಚೂಸೆಟ್ಸ್‌ನಲ್ಲಿ ಇದು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಮನೆಯಲ್ಲಿ ಸಾಕುವಂತಿಲ್ಲ, ದಾರಿಯಲ್ಲಿ ಸಿಕ್ಕರೆ ಎತ್ತಿಕೊಂಡು ಹೋಗುವಂತಿಲ್ಲ. ಈ ಕೋಣೆಯಲ್ಲಿ ಇಟ್ಟುಕೊಳ್ಳುವುದಕ್ಕೂ ರಾಜ್ಯದ ವನ್ಯಜೀವಿ ವಿಭಾಗದ ಪರವಾನಗಿ ಬೇಕು; ಗೋಡೆಯ ಮೇಲೆ ಅದರ ನಕಲನ್ನು ತೂಗುಹಾಕಿದ್ದಾರೆ.

ಜೂನಿನಲ್ಲಿ ತಾಯಿ ಆಮೆಗಳು ಜೌಗು ಬಿಟ್ಟು ಬಂದು ಬಿಸಿಲು ಬೀಳುವ ಒಣನೆಲದಲ್ಲಿ ಮೊಟ್ಟೆಯಿಟ್ಟು ಹೋಗುತ್ತವೆ. ಗೂಡು ಕಂಡಲ್ಲಿ ಕಾರ್ಯಕರ್ತರು ತಂತಿಬಲೆಯ ಪೆಟ್ಟಿಗೆ ಕವಿಚಿ ಕಾಯುತ್ತಾರೆ. ಇಲ್ಲದಿದ್ದರೆ ಒಂದೇ ರಾತ್ರಿಯಲ್ಲಿ ರಕೂನ್, ಸ್ಕಂಕ್, ನರಿ ಇವುಗಳಲ್ಲಿ ಯಾವುದಾದರೊಂದು ಬಗೆದು ತಿಂದು ಮುಗಿಸುತ್ತದೆ. ಆಗಸ್ಟ್ ಕೊನೆಗೆ, ಸೆಪ್ಟೆಂಬರಿಗೆ ಮರಿ ಹೊರಬರುತ್ತವೆ. ಚಿಪ್ಪಿನ ಉದ್ದ ಸುಮಾರು 35 ಮಿಲಿಮೀಟರ್, ತೂಕ ಹತ್ತು ಗ್ರಾಮಿನ ಆಸುಪಾಸು. ಆಗ ಒಂದಷ್ಟು ಮರಿಗಳನ್ನು ಇಲ್ಲಿಗೆ ತರುತ್ತಾರೆ. ಮೇ ಕೊನೆಗೋ ಜೂನಿಗೋ ವಾಪಸು ಅದೇ ಜೌಗಿಗೆ ಬಿಡುತ್ತಾರೆ. ಬಾಸ್ಟನ್ನಿನ ಫ್ರಾಂಕ್ಲಿನ್ ಪಾರ್ಕ್ ಮೃಗಾಲಯ ನಡೆಸುವ ಝೂ ನ್ಯೂ ಇಂಗ್ಲೆಂಡ್ ಸಂಸ್ಥೆ ಹೀಗೆಯೇ ಅನೇಕ ಶಾಲೆಗಳ ತರಗತಿಗಳಿಗೆ ಮರಿಗಳನ್ನು ಕೊಟ್ಟು ಚಳಿಗಾಲ ಕಳೆಸುತ್ತದೆ.

ಚಳಿಗೆ ಸಾಯಬಾರದೆಂದು ಒಳಗೆ ತಂದಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ಟೀಚರ್ ನಕ್ಕರು. "ಚಳಿ ಇವಕ್ಕೆ ಹೊಸದೇನಲ್ಲ, ನಮಗಿಂತ ಮುಂಚೆ ಈ ಊರಿಗೆ ಬಂದಿದ್ದು ಇವೇ" ಎಂದರು.

ನಿಜ. ಈ ಪ್ರದೇಶದ ನೀರಾಮೆಗಳು ಹಿಮಗಟ್ಟಿದ ಕೊಳದ ತಳದಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಇಲ್ಲಿನ ಕೊಳಗಳಲ್ಲೆಲ್ಲ ಕಾಣುವ ಬಣ್ಣದಾಮೆಯ ವಿಷಯ ಇನ್ನೂ ಸೋಜಿಗದ್ದು. ಅದರ ಮರಿಗಳು ಮೊದಲ ಚಳಿಗಾಲವನ್ನು ಗೂಡಿನ ಮಣ್ಣಿನೊಳಗೇ ಕಳೆಯುತ್ತವೆ. ಮೈಯ ನೀರು ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿಳಿದರೂ ಮಂಜುಗಡ್ಡೆಯಾಗದೆ ಉಳಿಯುತ್ತದೆ. ದೊಡ್ಡವು 3 ಡಿಗ್ರಿಯ ನೀರಿನಲ್ಲಿ ಆಮ್ಲಜನಕವೇ ಇಲ್ಲದೆ ಮೂರು ತಿಂಗಳಿಗೂ ಹೆಚ್ಚು ಬದುಕಬಲ್ಲವು. ಆಮ್ಲಜನಕ ಇಲ್ಲದಾಗ ರಕ್ತದಲ್ಲಿ ಸೇರಿಕೊಳ್ಳುವ ಲ್ಯಾಕ್ಟಿಕ್ ಆಮ್ಲವನ್ನು ತಡೆಯುವುದು ಚಿಪ್ಪಿನ ಸುಣ್ಣ. ಚಿಪ್ಪು ತನ್ನ ಕಾರ್ಬೊನೇಟನ್ನು ಬಿಟ್ಟುಕೊಟ್ಟು ಆಮ್ಲವನ್ನು ತಣಿಸುತ್ತದೆ, ಒಂದಿಷ್ಟು ಆಮ್ಲವನ್ನು ತನ್ನೊಳಗೇ ಅಡಗಿಸಿಕೊಳ್ಳುತ್ತದೆ. ಇದನ್ನು ವರ್ಷಗಟ್ಟಲೆ ಕೆದಕಿ ತೋರಿಸಿದವರು ಇಲ್ಲಿಗೆ ಹತ್ತಿರದ ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯದ ಡೊನಾಲ್ಡ್ ಜ್ಯಾಕ್ಸನ್. ಬೆನ್ನಿನ ಚಿಪ್ಪು ಬರೀ ಗುರಾಣಿ ಎಂದು ಶಾಲೆಯಲ್ಲಿ ಓದಿದವರು ಆ ಪಾಠಕ್ಕೆ ಇದನ್ನೂ ಸೇರಿಸಿಕೊಳ್ಳಬೇಕು.

ಹಾಗಿದ್ದರೆ ಈ ಬಿಸಿ, ಈ ದೀಪ, ಈ ಕರೆಂಟ್ ಬಿಲ್ಲು ಯಾಕೆ? ಬೆಳೆಸುವುದಕ್ಕೆ. ಹೊರಗಿದ್ದರೆ ಮರಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ತಿನ್ನುವುದಿಲ್ಲ, ಬೆಳೆಯುವುದಿಲ್ಲ. ವಸಂತದಲ್ಲಿ ಏಳುವಾಗಲೂ ಅದೇ ಹತ್ತು ಗ್ರಾಮಿನ ತುತ್ತು. ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆ, ಕೊಕ್ಕರೆ, ದೊಡ್ಡ ಮೀನು, ಚಿಪ್‌ಮಂಕ್ ಎಂಬ ಪಟ್ಟೆಯ ಅಳಿಲು, ಯಾರ ಬಾಯಿಗೂ ಸಲೀಸು. ಒಳಗೆ ಬೆಚ್ಚಗಿಟ್ಟು ದಿನವೂ ಉಣಿಸಿದರೆ ಒಂಬತ್ತು ತಿಂಗಳಲ್ಲಿ ಅದು ಹೊರಗಿನ ಮೂರು ನಾಲ್ಕು ವರ್ಷದ ಆಮೆಯ ಗಾತ್ರಕ್ಕೆ ಬರುತ್ತದೆ. ಕಪ್ಪೆಯ ಬಾಯಿಗೆ ಹಿಡಿಸದಷ್ಟು ದಪ್ಪಗಾದರೆ ಕೆಲಸ ಆಯಿತು. ಈ ಕೋಣೆಯಲ್ಲಿ ಚಳಿಗಾಲ ಎಂಬ ಋತುವನ್ನೇ ರದ್ದು ಮಾಡಿದ್ದಾರೆ.

ರದ್ದು ಮಾಡುವುದೆಂದರೆ ಪೂರ್ತಿ ರದ್ದು ಮಾಡಬೇಕು. ಇಲ್ಲಿನ ಕೆಲಸವೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೆ ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. 4 ಡಿಗ್ರಿಯ ನೀರಿನಲ್ಲಿ ಅದರ ಒಳಗಿನ ಯಂತ್ರ ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ, ತಿನ್ನಬೇಕಿಲ್ಲ, ಕರಗಿಸಬೇಕಿಲ್ಲ. 27 ಡಿಗ್ರಿಯಲ್ಲಿ ಪೂರ್ತಿ ಓಡುತ್ತಿರುತ್ತದೆ. ಕಷ್ಟವೆಲ್ಲ ನಡುವಿನದ್ದು. ಹದಿನಾರು ಹದಿನೇಳು ಡಿಗ್ರಿಯಲ್ಲಿ ಮರಿಗೆ ನಿದ್ದೆಯೂ ಹತ್ತುವುದಿಲ್ಲ, ಹಸಿವೂ ಆಗುವುದಿಲ್ಲ. ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಕೂಡಿಟ್ಟ ಕೊಬ್ಬು ಕರಗುತ್ತ ಹೋಗುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ, ಮೂಗಿನಲ್ಲಿ ಗುಳ್ಳೆ ಬರುತ್ತದೆ, ಶ್ವಾಸಕೋಶಕ್ಕೆ ಸೋಂಕು ಇಳಿಯುತ್ತದೆ. ಚಳಿಯಿಂದ ಸಾಯುವ ಸಾಕಾಮೆಗಳಲ್ಲಿ ಬಹಳಷ್ಟು ಸಾಯುವುದು ಕಡುಚಳಿಯಿಂದಲ್ಲ, ಈ ಅರ್ಧಚಳಿಯಿಂದ.

ಅದಕ್ಕೇ ಇಲ್ಲಿ ಎಲ್ಲವೂ ಎರಡೆರಡು. ನೀರಿನೊಳಗೆ ಮುಳುಗಿಸಿದ ಹೀಟರ್ ಕೈಕೊಟ್ಟರೆ ಇನ್ನೊಂದು ಕಾಯುತ್ತಿರುತ್ತದೆ. ಹೀಟರಿಗೆ ತೂತು ಕೊರೆದ ಪಿವಿಸಿ ಪೈಪಿನ ಅಂಗಿ ತೊಡಿಸಿದ್ದಾರೆ. ಮರಿಗಳು ಅದರ ಸಂದಿಗೆ ನುಗ್ಗಿ ಸುಟ್ಟುಕೊಳ್ಳುವುದುಂಟು, ಬೆಳೆದವು ಗುದ್ದಿ ಗಾಜು ಒಡೆಯುವುದುಂಟು. ಶನಿವಾರ ಭಾನುವಾರ ಶಾಲೆಯ ಕಟ್ಟಡದ ಬಿಸಿಯನ್ನು ಇಳಿಸಿಬಿಡುವುದರಿಂದ ಈ ಕೋಣೆಗೆ ಬೇರೆಯೇ ಹೀಟರ್ ಇದೆ. ಈ ಕಡಲತೀರಕ್ಕೆ ಈಶಾನ್ಯದಿಂದ ಬಿರುಗಾಳಿ ಎದ್ದಾಗ ಊರಿಗೆ ಊರೇ ಕತ್ತಲಾಗುತ್ತದೆ. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಮೊದಲು ಊಟ ನಿಲ್ಲಿಸ್ತೀವಿ" ಎಂದಳು ಹುಡುಗಿ, ಯೋಚಿಸದೆ. ಆಮೇಲೆ ತೊಟ್ಟಿಗಳಿಗೆ ಕಂಬಳಿ ಹೊದಿಸುವುದು, ಜನರೇಟರ್ ಹಚ್ಚುವುದು. ಹಸಿದ ಹೊಟ್ಟೆಯ ಮರಿ ಒಂದು ರಾತ್ರಿಯ ತಂಪನ್ನು ತಡೆದೀತು, ತುಂಬಿದ ಹೊಟ್ಟೆಯದು ತಡೆಯುವುದು ಕಷ್ಟ. ನಮ್ಮ ಮನೆಗಳಲ್ಲಿ ಯಾವ ಪ್ರಾಣಿ ಮಂಕಾದರೂ ಮೊದಲು ಏನಾದರೂ ತಿನ್ನಿಸಲು ನೋಡುತ್ತೇವಲ್ಲ, ಆಮೆಯ ಮಟ್ಟಿಗೆ ಅದು ತಲೆಕೆಳಗು.

ದೀಪಗಳ ಕತೆ ಹೇಳಬೇಕು, ಯಾಕೆಂದರೆ ಸಾಕುವವರು ಹೆಚ್ಚಾಗಿ ಎಡವುವುದು ಅಲ್ಲೇ. ಎರಡು ದೀಪದಲ್ಲಿ ಒಂದು ಬಿಸಿಗೆ. ಅದರ ಕೆಳಗಿನ ದಿಬ್ಬಕ್ಕೆ ಹುಡುಗಿ ಪಿಸ್ತೂಲಿನಾಕಾರದ ಥರ್ಮಾಮೀಟರ್ ಗುರಿಯಿಟ್ಟು ಗುಂಡಿ ಒತ್ತಿದಳು: 32.4. ಪುಸ್ತಕದಲ್ಲಿ ಬರೆದುಕೊಂಡಳು. ಮರಿ ನೀರಿನಿಂದ ಮೇಲೆ ಬಂದು ಇಲ್ಲಿ ಪೂರ್ತಿ ಒಣಗಬೇಕು, ಇಲ್ಲದಿದ್ದರೆ ಚಿಪ್ಪಿಗೆ ಬೂಸ್ಟು. ಇನ್ನೊಂದು, ಉದ್ದನೆಯ ಟ್ಯೂಬು, ಬಿಸಿಲಿನ ಬದಲಿಗೆ. ಬಿಸಿಲಿನಲ್ಲಿರುವ ನೇರಳಾತೀತ ಬಿ ಕಿರಣ ಚರ್ಮಕ್ಕೆ ಬಿದ್ದರೆ ಮೈಯಲ್ಲಿ ಡಿ3 ಜೀವಸತ್ವ ಆಗುತ್ತದೆ, ಅದಿದ್ದರೆ ಮಾತ್ರ ತಿಂದ ಸುಣ್ಣ ಮೂಳೆಗೂ ಚಿಪ್ಪಿಗೂ ಸೇರುತ್ತದೆ. ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ, ಒತ್ತಿದರೆ ತಗ್ಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಪಕ್ಕ ತೊಟ್ಟಿ ಇಟ್ಟರೆ ಸಾಲದೇ ಎಂದರೆ, ಸಾಲದು. ಮಾಮೂಲಿ ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಹಾಕಿದರೂ ಅದೇ ಪಾಡು. ಇನ್ನೂ ಒಂದು ಮೋಸವಿದೆ. ಈ ಟ್ಯೂಬಿನ ನೇರಳಾತೀತ ಕಿರಣ ತಿಂಗಳುಗಳು ಕಳೆದಂತೆ ಕ್ಷೀಣಿಸುತ್ತದೆ, ಬೆಳಕು ಮಾತ್ರ ಮುಂಚಿನಷ್ಟೇ ಇರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಟ್ಯೂಬಿನ ತುದಿಗೂ ಹಾಕಿದ ತಾರೀಖು ಬರೆದ ಬಿಳಿ ಟೇಪು. ದೀಪಗಳೆಲ್ಲ ಟೈಮರಿಗೆ ಕಟ್ಟುಬಿದ್ದಿವೆ: ಬೆಳಿಗ್ಗೆ ಹೊತ್ತಿ ಸಂಜೆ ಆರುತ್ತವೆ. ರಾತ್ರಿ ಕತ್ತಲಿರಬೇಕು. ಬಾಗಿಲಿನ ಕೆಂಪು ಗೆರೆಗಳ ಅರ್ಥ ಈಗ ಆಯಿತು.

ತೂಕದ ಹೊತ್ತು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅದರ ಮೇಲೆ ಬೆಣ್ಣೆಯ ಖಾಲಿ ಡಬ್ಬಿ, ಡಬ್ಬಿಯ ತೂಕ ಕಳೆದು ಸೊನ್ನೆಗೆ ತಂದಾಯಿತು. ಹುಡುಗಿ ಮರಿಯನ್ನು ಎರಡು ಬದಿಯಿಂದ ಹಿಡಿದು ಎತ್ತಿದಳು. ನಾಲ್ಕೂ ಕಾಲು ಗಾಳಿಯಲ್ಲಿ ಈಜುತ್ತಿವೆ. ಚಿಪ್ಪಿನ ಅಂಚನ್ನು ನನ್ನ ಕಡೆ ತಿರುಗಿಸಿದಳು. ಸುತ್ತಲಿನ ಬಿಲ್ಲೆಗಳಲ್ಲಿ ಎರಡಕ್ಕೆ ಸಣ್ಣ ಕಚ್ಚು. ಎಡಕ್ಕೆ ಎಷ್ಟನೆಯದು, ಬಲಕ್ಕೆ ಎಷ್ಟನೆಯದು ಎಂದು ಎಣಿಸಿದರೆ ಅದೇ ಅದರ ನಂಬರು. ಸೆಪ್ಟೆಂಬರಿನಲ್ಲಿ 9 ಗ್ರಾಮ್ ಇದ್ದದ್ದು ಈಗ 41. ಮುಂದಿನದು 38. ಒಂದು ಮಾತ್ರ 17ರಲ್ಲೇ ನಿಂತಿದೆ. ಅದನ್ನು ಬೇರೆ ಟಬ್ಬಿಗೆ ಹಾಕಿದ್ದಾರೆ. ಜೊತೆಯವು ಅದರ ಪಾಲು ತಿನ್ನುವುದಲ್ಲದೆ ಬಾಲವನ್ನೂ ಕಚ್ಚುತ್ತಿದ್ದವಂತೆ. ಒಂಟಿಯಾದ ಮೇಲೆ ಚೇತರಿಸಿಕೊಳ್ಳುತ್ತಿದೆ. ಮೂರ್ನಾಲ್ಕು ಮರಿ ಒಂದೆಡೆ ಇದ್ದರೆ ಅವಕ್ಕೆ ಜೊತೆ ಸಿಕ್ಕಿತು ಎಂಬುದು ನಮ್ಮ ಲೆಕ್ಕ. ಆಮೆಗೆ ಜೊತೆ ಬೇಕಿಲ್ಲ, ಜಾಗ ಬೇಕು.

ಕಚ್ಚು ಹಾಕುವ ಪದ್ಧತಿ ಹಳೆಯದು, ನೆಚ್ಚಿಕೆಯದು. ಮಿಷಿಗನ್ ವಿಶ್ವವಿದ್ಯಾಲಯದ ಜಾರ್ಜ್ ರಿಸರ್ವ್ ಎಂಬ ಸಂಶೋಧನಾ ಕಾಡಿನಲ್ಲಿ 1954ರಲ್ಲಿ ಹೀಗೆ ಗುರುತು ಮಾಡಿ ಬಿಟ್ಟ ಒಂದು ಹೆಣ್ಣು ಬ್ಲಾಂಡಿಂಗ್ ಆಮೆ 2016ರಲ್ಲಿ ಮತ್ತೆ ಸಿಕ್ಕಿತು. ಆಗ ಅದಕ್ಕೆ ಕಡಿಮೆಯೆಂದರೆ 83 ವರ್ಷ. ಗುರುತು ಹಾಕಿದ ತಲೆಮಾರು ಹೋದ ಮೇಲೂ ಕಚ್ಚು ಉಳಿದಿತ್ತು.

ಊಟಕ್ಕೆ ಮರಿಗಳನ್ನು ಬೇರೆ ಡಬ್ಬಿಗಳಿಗೆ ಎತ್ತಿ ಹಾಕುತ್ತಾರೆ, ವಾಸದ ನೀರು ಕೆಡದಿರಲೆಂದು. ಕತ್ತರಿಸಿದ ಎರೆಹುಳುವಿನ ತುಂಡು ಬಿತ್ತು. ಮರಿ ಅದನ್ನೇ ದಿಟ್ಟಿಸಿತು, ಕುತ್ತಿಗೆಯನ್ನು ನಿಧಾನವಾಗಿ ಚಾಚಿತು. ಆಮೇಲೆ ನಡೆದದ್ದು ಕಣ್ಣಿಗೆ ಸರಿಯಾಗಿ ದಕ್ಕಲಿಲ್ಲ. "ಇನ್ನೊಂದ್ಸಲ ನೋಡು, ಗಂಟಲು ನೋಡು" ಎಂದಳು. ಎರಡನೇ ತುಂಡಿಗೆ ಗಂಟಲನ್ನೇ ನೋಡುತ್ತಿದ್ದೆ. ಬಾಯಿ ತೆರೆದ ಗಳಿಗೆಯಲ್ಲೇ ಅರಿಶಿನದ ಗಂಟಲು ಕೆಳಕ್ಕೆ ಉಬ್ಬಿತು, ನೀರಿನ ಜೊತೆ ಹುಳುವೂ ಒಳಗೆ ನುಗ್ಗಿತು; ಮುಚ್ಚಿದ ಬಾಯಿಯ ಅಂಚಿನಿಂದ ನೀರು ಮಾತ್ರ ಹೊರಬಂತು. ಕಚ್ಚಿ ಹಿಡಿಯುವುದಕ್ಕಿಂತ ಹೀರಿಕೊಳ್ಳುವುದೇ ಇದರ ವರಸೆ. ದೊಡ್ಡ ತುಂಡಾದರೆ ಮುಂಗಾಲಿನ ಉಗುರಿನಿಂದ ಹರಿದು ಹೀರುತ್ತದೆ.

ಎದುರಿನ ಸಾಲಿನ ಗಾಜಿನ ತೊಟ್ಟಿಗಳಲ್ಲಿ ಇರುವವು ಇನ್ನೊಂದು ಜಾತಿ, ಕೆಂಪುಹೊಟ್ಟೆಯ ಕೂಟರ್. ಹಸಿರು ಬೆನ್ನು, ಮಗುಚಿದರೆ ಹೊಟ್ಟೆಯ ಚಿಪ್ಪಿನಲ್ಲಿ ಕೆಂಪು. ಇದರ ಬಳಗ ಇರುವುದು ನ್ಯೂಜೆರ್ಸಿಯಿಂದ ಕೆಳಗೆ. ಆದರೆ ಒಂದು ಪಂಗಡ ಮಾತ್ರ ಅಷ್ಟು ದೂರ ಬೇರಾಗಿ ಈ ರಾಜ್ಯದ ಪ್ಲಿಮತ್ ಸುತ್ತಲಿನ ಕೊಳಗಳಲ್ಲಿ ಉಳಿದುಕೊಂಡಿದೆ. ಕೆಲವೇ ನೂರು ಉಳಿದಿವೆ ಎಂದು ಗೊತ್ತಾದ ಮೇಲೆ 1980ರಲ್ಲಿ ಕೇಂದ್ರ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. 1983ರಲ್ಲಿ ಇದಕ್ಕೆಂದೇ ಮ್ಯಾಸಸಾಯ್ಟ್ ವನ್ಯಧಾಮ ಆಯಿತು. ಮರಿಗಳನ್ನು ಚಳಿಗಾಲಕ್ಕೆ ಒಳಗೆ ತರುವ ಕೆಲಸವೂ ಆ ದಶಕದಲ್ಲೇ ಶುರುವಾಯಿತು. ಈವರೆಗೆ ಸಾವಿರಾರು ಮರಿ ಹೀಗೆ ಬೆಳೆದು ಕೊಳ ಸೇರಿವೆ. ಇವು ಸೊಪ್ಪಿನ ಹೊಟ್ಟೆಬಾಕಗಳು. ಲೆಟಿಸ್ ಸೊಪ್ಪಿನ ದೊಡ್ಡ ಎಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟರೆ ಸ್ವಲ್ಪ ಹೊತ್ತಿಗೆ ನಡುವಿನ ದಂಟು ಮಾತ್ರ ತೇಲುತ್ತದೆ. ತಿಂದಷ್ಟೇ ಗಲೀಜು. ಹೇಲಿನಿಂದ ಅಮೋನಿಯ, ಅದನ್ನು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಮೊದಲು ನೈಟ್ರೈಟಿಗೆ, ಆಮೇಲೆ ನೈಟ್ರೇಟಿಗೆ ಇಳಿಸಬೇಕು. ಆ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ತಿಕ್ಕಿ ತೊಳೆದರೆ ಬ್ಯಾಕ್ಟೀರಿಯಾ ಸತ್ತು ತೊಟ್ಟಿ ಕೆಡುತ್ತದೆ. ತೊಟ್ಟಿಯದೇ ಹಳೆ ನೀರಿನಲ್ಲಿ ಹಿಂಡಬೇಕು. ಹೊಸ ನೀರು ಹಾಕುವಾಗ ಬಿಸಿನೀರು ಬೆರೆಸಿ ಹದ ನೋಡಿಯೇ ಹಾಕುತ್ತಾರೆ. ಜನವರಿಯ ನಲ್ಲಿ ನೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ.

ಕೋಣೆಯ ಮೂಲೆಯಲ್ಲಿ ನೀರಿಲ್ಲದ ಒಂದು ಮರದ ಪೆಟ್ಟಿಗೆ. ಅದರಲ್ಲಿರುವುದು ಟೀಚರದೇ ಸ್ವಂತ ಹರ್ಮನ್ ನೆಲದಾಮೆಯ ಮರಿ. ದಕ್ಷಿಣ ಯುರೋಪಿನ ಜಾತಿ. ಸಾಕಿದವರಲ್ಲೇ ಹುಟ್ಟಿದ್ದನ್ನು ಕೊಂಡದ್ದು. ಪೆಟ್ಟಿಗೆಯ ತಳಕ್ಕೆ ಕೈಯಿಟ್ಟರೆ ಪರಿಚಯದ ಸ್ಪರ್ಶ: ತೆಂಗಿನ ನಾರಿನ ಪುಡಿ. ಪಕ್ಕದಲ್ಲಿದ್ದ ಇಟ್ಟಿಗೆಯ ಹೊದಿಕೆಯ ಮೇಲೆ ಭಾರತದ ಉತ್ಪನ್ನ ಎಂದಿತ್ತು. ತಿಪಟೂರಿನ ಸಿಪ್ಪೆಯೋ ಪೊಳ್ಳಾಚಿಯದೋ, ಅಂತೂ ನಮ್ಮ ಕಡೆಯದು ಇಲ್ಲಿ ಬಂದು ಆಮೆಗೆ ಹಾಸಿಗೆಯಾಗಿದೆ.

ಆ ಹಾಸಿಗೆಯನ್ನು ಸದಾ ಹಸಿಯಾಗಿಡುತ್ತಾರೆ. ನೆಲದಾಮೆ ಒಣನಾಡಿನ ಪ್ರಾಣಿ, ಒಣ ಜಾಗವೇ ಸರಿ ಎಂದು ಬಹಳ ಕಾಲ ಸಾಕುವವರು ನಂಬಿದ್ದರು. ಹಾಗೆ ಬೆಳೆದ ಮರಿಗಳ ಬೆನ್ನಿನ ಒಂದೊಂದು ಬಿಲ್ಲೆಯೂ ಗೋಪುರವಾಗಿ ಮೇಲೇಳುತ್ತಿತ್ತು. ಪ್ರೋಟೀನು ಹೆಚ್ಚಾಯಿತು ಎಂದು ಊಟವನ್ನು ದೂರಿದರು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಆಫ್ರಿಕಾದ ಸಲ್ಕಾಟಾ ನೆಲದಾಮೆಯ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನಿನಲ್ಲಿ ಬೆಳೆಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು: ಗೋಪುರಕ್ಕೆ ದೊಡ್ಡ ಕಾರಣ ಒಣಗಾಳಿ. ಯೋಚಿಸಿದರೆ ಸರಿಯೇ; ಕಾಡಿನಲ್ಲಿ ಮರಿ ಬಟಾಬಯಲಿನಲ್ಲಿ ತಿರುಗುವುದಿಲ್ಲ, ಬೇರಿನ ಬುಡದ, ಕಲ್ಲಿನ ಕೆಳಗಿನ ತಂಪು ಮಣ್ಣಿನಲ್ಲಿ ಹುದುಗಿರುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಯ ಗಾಳಿಗೆ ಮನುಷ್ಯರ ತುಟಿಯೇ ಒಡೆಯುತ್ತದೆ, ಇನ್ನು ಮರಿಯ ಗತಿ? ಬೆಳಿಗ್ಗೆ ಕಾಲು ಗಂಟೆ ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ನಿಲ್ಲಿಸುತ್ತಾರೆ. ಗದ್ದದ ಮಟ್ಟಕ್ಕಿಂತ ಕೆಳಗೆ ನೀರು. ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಊಟ ಹುಲ್ಲು, ಕಳೆಗಿಡದ ಎಲೆ, ಅದರ ಮೇಲೆ ಚಿಟಿಕೆ ಸುಣ್ಣದ ಪುಡಿ. ಹಣ್ಣಿಲ್ಲ.

ಕೋಣೆಯ ಉದ್ದಕ್ಕೂ ಮೂರು ಕಡೆ ಕೈ ತೊಳೆಯುವ ಬೇಸಿನ್. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಒಂದು ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಆಮೆಮರಿ ಸಿಗುತ್ತಿತ್ತು. ಮಕ್ಕಳು ಅದನ್ನು ಬಾಯಿಗಿಟ್ಟುಕೊಂಡು ಭೇದಿ ಹಿಡಿದು ಆಸ್ಪತ್ರೆ ಸೇರುವುದು ಹೆಚ್ಚಿ 1975ರಲ್ಲಿ ಆಹಾರ ಮತ್ತು ಔಷಧ ಇಲಾಖೆ ನಿಷೇಧ ತಂದಿತು: ಚಿಪ್ಪು ನಾಲ್ಕು ಇಂಚಿಗಿಂತ ಚಿಕ್ಕದಿರುವ ಆಮೆಯನ್ನು ಸಾಕಲೆಂದು ಮಾರಕೂಡದು. ನಾಲ್ಕು ಇಂಚೇ ಯಾಕೆ ಎಂದರೆ, ಅದು ಮಗುವಿನ ಬಾಯಿಗೆ ಹಿಡಿಸುವುದಿಲ್ಲ. ಕಪ್ಪೆಯ ಬಾಯಿಂದ ಮರಿಯನ್ನು ಉಳಿಸುವುದಕ್ಕೂ ಮರಿಯ ಮೈಯಿಂದ ಮಗುವನ್ನು ಉಳಿಸುವುದಕ್ಕೂ ಅಳತೆ ಮಾತ್ರ ಒಂದೇ ಬಗೆಯದು.

ಇದೇ ಕಡಲತೀರದಲ್ಲಿ ಇನ್ನೊಂದು ಬಗೆಯ ಚಳಿಗಾಲದ ಬಿಡಾರವೂ ಇದೆ. ನಾನು ನೋಡಿಲ್ಲ, ಟೀಚರ್ ಅಲ್ಲಿ ಸ್ವಯಂಸೇವಕಿ. ಬೇಸಿಗೆಯಲ್ಲಿ ಉತ್ತರಕ್ಕೆ ಬಂದ ಕೆಂಪ್ಸ್ ರಿಡ್ಲಿ ಕಡಲಾಮೆಯ ಎಳೆಯವು ಕೇಪ್ ಕಾಡ್ ಕೊಲ್ಲಿಯ ಕೊಕ್ಕೆಯೊಳಗೆ ಸಿಕ್ಕಿಕೊಂಡು, ನವೆಂಬರಿನಲ್ಲಿ ನೀರು 10 ಡಿಗ್ರಿಗಿಂತ ಕೆಳಗಿಳಿದಾಗ ಮರಗಟ್ಟಿ ದಡಕ್ಕೆ ಬಂದು ಬೀಳುತ್ತವೆ. ಸ್ವಯಂಸೇವಕರು ಹಗಲೂ ರಾತ್ರಿಯೂ ದಡದಲ್ಲಿ ನಡೆದು ಹೆಕ್ಕುತ್ತಾರೆ. ಬಾಳೆಹಣ್ಣಿನ ಖಾಲಿ ಪೆಟ್ಟಿಗೆಯಲ್ಲಿಟ್ಟು ಕ್ವಿನ್ಸಿಯಲ್ಲಿರುವ ನ್ಯೂ ಇಂಗ್ಲೆಂಡ್ ಅಕ್ವೇರಿಯಮ್ಮಿನ ಆಸ್ಪತ್ರೆಗೆ ಸಾಗಿಸುತ್ತಾರೆ. 2014ರ ಚಳಿಗಾಲ ಒಂದರಲ್ಲೇ ಸಾವಿರಕ್ಕೂ ಮೀರಿ ಬಂದವು. ಅಲ್ಲಿ ಬಿಸಿ ಮಾಡುವ ಆತುರವಿಲ್ಲ, ದಿನಕ್ಕೆ ಮೂರು ಡಿಗ್ರಿಯಷ್ಟು ಮಾತ್ರ ಏರಿಸುತ್ತಾರೆ. ನಮ್ಮ ಹೊನ್ನಾವರ, ಕುಂದಾಪುರದ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿಯ ದಾಯಾದಿ ಇದು. ನಮ್ಮ ಕಡಲಿಗೆ ಆ ಚಳಿಯ ಕಾಟವಿಲ್ಲ.

ಇಷ್ಟೆಲ್ಲ ನೋಡಿ ಮೆಚ್ಚಿದವನೇ ಒಂದು ತಕರಾರು ಹೇಳಲೇಬೇಕು. ಚೆಂದದ ಮರಿ, ಉತ್ಸಾಹದ ಮಕ್ಕಳು, ಗೋಡೆಯ ಮೇಲೆ ಏರುವ ತೂಕದ ನಕ್ಷೆ. ಇದನ್ನು ನೋಡಿದವರಿಗೆ ಆಮೆ ಉಳಿಯಿತು ಎನ್ನಿಸಿಬಿಡುತ್ತದೆ. ಬ್ಲಾಂಡಿಂಗ್ ಆಮೆ ಮೊಟ್ಟೆಯಿಡುವ ವಯಸ್ಸಿಗೆ ಬರುವುದಕ್ಕೆ 14ರಿಂದ 20 ವರ್ಷ ಬೇಕು. ಅದೇ ಜಾರ್ಜ್ ರಿಸರ್ವಿನ ದಶಕಗಳ ಲೆಕ್ಕವನ್ನು ಹಿಡಿದು ಜಸ್ಟಿನ್ ಕಾಂಗ್ಡನ್ ಮತ್ತು ಜೊತೆಗಾರರು 1993ರಲ್ಲೇ ಬರೆದರು: ದೊಡ್ಡ ಆಮೆಗಳು ವರ್ಷಕ್ಕೆ ಕೆಲವೇ ಹೆಚ್ಚು ಸತ್ತರೂ ಸಾಕು, ಮರಿಗಳನ್ನು ಎಷ್ಟು ಬೆಳೆಸಿ ಬಿಟ್ಟರೂ ಆ ತೂತು ಮುಚ್ಚುವುದಿಲ್ಲ. ದೊಡ್ಡ ಹೆಣ್ಣುಗಳು ಸಾಯುವುದು ಜೂನಿನಲ್ಲಿ, ಗೂಡಿನ ಜಾಗ ಹುಡುಕಿ ರಸ್ತೆ ದಾಟುವಾಗ, ಕಾರಿನ ಚಕ್ರಕ್ಕೆ. ನಲವತ್ತು ವರ್ಷದ ಒಂದು ತಾಯಿ ಸತ್ತರೆ ಮುಂದಿನ ನಲವತ್ತು ವರ್ಷದ ಮೊಟ್ಟೆಗಳೂ ಅದರ ಜೊತೆಗೇ ಹೋದವು. ಟೀಚರಿಗೆ ಇದು ಗೊತ್ತಿಲ್ಲದ್ದಲ್ಲ. ಜೂನಿನಲ್ಲಿ ಅವರ ಮಕ್ಕಳು ರಸ್ತೆಯ ಪಕ್ಕ ಬೇಲಿ ಕಟ್ಟುವುದಕ್ಕೂ ಹೋಗುತ್ತಾರೆ. ಆದರೆ ಬೇಲಿ ಕಟ್ಟುವ ಫೋಟೋವನ್ನು ಯಾರೂ ಕೇಳುವುದಿಲ್ಲ, ಮರಿಯ ಫೋಟೋ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಈ ಕೋಣೆ ಸಾರ್ಥಕವಾಗುವುದು ಎರಡು ಕಡೆ: ದೊಡ್ಡವಕ್ಕೆ ಕಾವಲಿದ್ದು ಮರಿಗಳೇ ಉಳಿಯದ ಜಾಗದಲ್ಲಿ, ಮತ್ತು ಹೊಸದಾಗಿ ನೆಲೆ ಊರಿಸಬೇಕಾದಲ್ಲಿ. ಒಂದು ಕಾಲಕ್ಕೆ ಸೇನೆಯ ತರಬೇತಿ ಮೈದಾನವಾಗಿದ್ದು 2000ದಲ್ಲಿ ವನ್ಯಜೀವಿ ಇಲಾಖೆಗೆ ಬಂದ ಅಸಾಬೆಟ್ ನದಿಯ ವನ್ಯಧಾಮ ಅಂಥದ್ದು. ರಸ್ತೆ ಕಡಿಮೆ, ಜೌಗು ಹೆಚ್ಚು. ಒಳಗೆ ಬೆಳೆದ ಬ್ಲಾಂಡಿಂಗ್ ಮರಿಗಳನ್ನು ಅಲ್ಲಿ ವರ್ಷ ವರ್ಷ ಬಿಟ್ಟು ಹೊಸ ಪಂಗಡವೊಂದನ್ನು ಎಬ್ಬಿಸುತ್ತಿದ್ದಾರೆ.

ಕರ್ನಾಟಕದ ಓದುಗರಿಗೆ ಇದರಲ್ಲಿ ಕೆಲಸಕ್ಕೆ ಬರುವುದು ಅರ್ಧಚಳಿಯ ಮಾತು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಿಂದ ಮನೆಗೆ ಬಂದ ಕೆಂಪುಕಿವಿಯ ಸ್ಲೈಡರ್ ಆಮೆಗಳು ಲೆಕ್ಕವಿಲ್ಲದಷ್ಟಿವೆ. ಅವು ಮಿಸಿಸಿಪ್ಪಿ ನದಿ ಸೀಮೆಯವು. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ. ಹೀಟರ್ ಇಲ್ಲದ ಗಾಜಿನ ಪೆಟ್ಟಿಗೆಯ ನೀರೂ ಅದರ ಹಿಂದೆಯೇ ಇಳಿಯುತ್ತದೆ. ಆಮೆ ಊಟ ಬಿಟ್ಟು ಕಣ್ಣು ಮುಚ್ಚಿ ಕೂತರೆ ಚಳಿಗಾಲದ ನಿದ್ದೆ ಮಾಡುತ್ತಿದೆ ಎಂದು ಮನೆಯವರು ಸುಮ್ಮನಿರುತ್ತಾರೆ. ಅದು ನಿದ್ದೆಯಲ್ಲ. ಥರ್ಮಾಮೀಟರ್ ಇಟ್ಟ ಹೀಟರ್, ಹತ್ತಿ ಒಣಗಲು ಒಂದು ಕಲ್ಲು, ಮೇಲೊಂದು ನೇರಳಾತೀತ ದೀಪ ಅಥವಾ ದಿನವೂ ಸ್ವಲ್ಪ ಹೊತ್ತು ಗಾಜಿನ ಅಡ್ಡವಿಲ್ಲದ ಎಳೆಬಿಸಿಲು, ಬಿಸಿಲಿನಲ್ಲಿಟ್ಟಾಗ ಸರಿದು ಕೂರಲು ನೆರಳು. ಇಷ್ಟಾದರೂ ಮಾಡಿ. ಕಣ್ಣು ಊದಿದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಪಶುವೈದ್ಯರಿಗೆ ತೋರಿಸಿ.

ಇನ್ನು ನಕ್ಷತ್ರ ಆಮೆ. ಮನೆಯಲ್ಲಿದ್ದರೆ ಅದೃಷ್ಟ ಎಂದು ಯಾರಾದರೂ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ. ಕೋಲಾರದ ಕಡೆಯ ಕುರುಚಲು ಕಾಡಿನಿಂದ ಹಿಡಿದು ತಂದದ್ದು ಅದು. ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಿಂದ ಅಂತರರಾಷ್ಟ್ರೀಯ ಮಾರಾಟವೂ ಪೂರ್ತಿ ಬಂದ್. ಈಗಾಗಲೇ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಸಾಕಿ ಸಾಕಾದ ಸ್ಲೈಡರನ್ನು ಮಾತ್ರ ಪುಣ್ಯ ಬರುತ್ತದೆಂದು ದೇವಸ್ಥಾನದ ಕಲ್ಯಾಣಿಗೋ ಊರ ಕೆರೆಗೋ ಬಿಡಬೇಡಿ. ಅಲ್ಲಿ ನಮ್ಮ ಕೆರೆಯಾಮೆಗಳ ಜಾಗ, ಊಟ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ.